ತನ್ನವರ ತಪ್ಪನ್ನು ತಾನೇ ತೂಗುವ ಸದನ

ಶಾಸನಸಭೆಯ ಸದಸ್ಯನೊಬ್ಬನು ಹಣ ಪಡೆದು ಪ್ರಶ್ನೆ ಕೇಳಿದನೆಂದೋ, ಮತವನ್ನು ಮಾರಿಕೊಂಡನೆಂದೋ ಆರೋಪ ಬಂದಾಗ ನಮ್ಮಲ್ಲಿ ಏಳುವ ಕೋಲಾಹಲವು ಬಹುತೇಕ ಒಂದೇ ಬಗೆಯದು. ಆರೋಪಕ್ಕೆ ಗುರಿಯಾದವನು ಎದುರು ಪಕ್ಷದವನಾದರೆ ಸದನದ ಪಾವಿತ್ರ್ಯದ ಮಾತು ಮುಂದಾಗುತ್ತದೆ. ಸ್ವಪಕ್ಷದವನಾದರೆ ವಿಚಾರಣೆಯ ಕ್ರಮ, ಸಾಕ್ಷ್ಯದ ಬಲಾಬಲ, ಸಹಜ ನ್ಯಾಯ ಇವುಗಳ ಮಾತು ಮುಂದಾಗುತ್ತದೆ. ಈ ಎರಡು ಮಾತುಗಳೂ ತಮ್ಮಷ್ಟಕ್ಕೆ ಸರಿಯಾದವೇ. ಆದರೆ ಅದೇ ಬಾಯಿ ಇಂದು ಒಂದನ್ನೂ ನಾಳೆ ಇನ್ನೊಂದನ್ನೂ ಆಡುತ್ತಿರುವುದರಿಂದ, ಕೇಳುವ ಪ್ರಜೆಗೆ ಯಾವುದರಲ್ಲಿಯೂ ವಿಶ್ವಾಸ ನಿಲ್ಲದೆ, ‘ಎಲ್ಲರೂ ಅಷ್ಟೇ’ ಎಂಬ ನಿರ್ವಿಣ್ಣ ತೀರ್ಮಾನವೊಂದೇ ಕಡೆಗೆ ಉಳಿಯುತ್ತದೆ. ಆ ತೀರ್ಮಾನವು ನ್ಯಾಯವಾದುದಲ್ಲವೆಂದು ನನ್ನ ದೃಢವಾದ ನಂಬಿಕೆ. ದೋಷದ ಬಹುಭಾಗವಿರುವುದು ರಾಜಕಾರಣಿಗಳ ಸ್ವಭಾವದಲ್ಲಲ್ಲ, ಅವರನ್ನು ವಿಚಾರಿಸಲು ನಾವು ಮಾಡಿಕೊಂಡಿರುವ ಏರ್ಪಾಟಿನಲ್ಲಿ. ಆ ಏರ್ಪಾಟು ಹೇಗೆ ಬಂದಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ತುಸು ನಿಧಾನವಾಗಿ ನೋಡುವುದು ಉಚಿತ.

ಸಂವಿಧಾನದ 105ನೆಯ ವಿಧಿಯು ಸಂಸತ್ತಿನ ಸದಸ್ಯರಿಗೂ 194ನೆಯ ವಿಧಿಯು ರಾಜ್ಯಗಳ ಶಾಸಕರಿಗೂ ಒಂದು ಅಭಯವನ್ನು ಕೊಟ್ಟಿವೆ: ಸದನದಲ್ಲಿ ಆಡಿದ ಮಾತಿಗಾಗಲಿ ಕೊಟ್ಟ ಮತಕ್ಕಾಗಲಿ ಅವರನ್ನು ಯಾವ ನ್ಯಾಯಾಲಯಕ್ಕೂ ಎಳೆಯಕೂಡದು. ದೊರೆಯ ಕೋಪಕ್ಕೆ ತುತ್ತಾಗಿ ಸೆರೆಮನೆ ಕಂಡ ಇಂಗ್ಲೆಂಡಿನ ಸದಸ್ಯರ ಅನುಭವದಿಂದ ಹುಟ್ಟಿ, 1689ರ ಹಕ್ಕುಗಳ ಶಾಸನದಲ್ಲಿ ಸ್ಥಿರಪಟ್ಟ ತತ್ತ್ವವಿದು. ಇದರ ಬೆನ್ನಿಗೇ ಬಂದುದು, ಸದಸ್ಯರ ನಡತೆಯನ್ನು ಸದನವೇ ವಿಚಾರಿಸಿ ಸದನವೇ ದಂಡಿಸತಕ್ಕದ್ದು ಎಂಬ ಹಕ್ಕು. ದೊರೆ ಒಂದು ಕಡೆಗೂ ಸದನವು ಒಟ್ಟಾಗಿ ಇನ್ನೊಂದು ಕಡೆಗೂ ನಿಂತಿದ್ದ ಕಾಲಕ್ಕೆ ಅದು ಯೋಗ್ಯವಾದ ವ್ಯವಸ್ಥೆಯೇ ಆಗಿತ್ತು. ಆದರೆ ಪಕ್ಷಗಳು ಹುಟ್ಟಿ ಸದನವೇ ಎರಡು ಪಾಳೆಯಗಳಾಗಿ ಒಡೆದ ಮೇಲೆ, ಸದನದ ನ್ಯಾಯವೆಂದರೆ ಬಹುಮತದ ನ್ಯಾಯವೆಂದೇ ಅರ್ಥವಾಯಿತು. ಬಹುಮತವುಳ್ಳವರೇ ಸರ್ಕಾರವನ್ನು ನಡೆಸುವವರಾದುದರಿಂದ, ಯಾರ ಕೋಪದಿಂದ ಸದಸ್ಯನನ್ನು ಕಾಯಬೇಕಾಗಿತ್ತೋ ಅವರ ಕೈಯಲ್ಲೇ ಅವನ ವಿಚಾರಣೆ ಬಂದು ನಿಂತಿತು.

ಸ್ವತಂತ್ರ ಭಾರತದಲ್ಲಿ ಈ ಹಕ್ಕಿನ ಮೊದಲ ಪ್ರಯೋಗವು ನಡೆದುದು ಕನ್ನಡ ನಾಡಿನವನೊಬ್ಬನ ಮೇಲೆ. ಹುಬ್ಬಳ್ಳಿಯಲ್ಲಿ ಹುಟ್ಟಿದ ಹುಚ್ಚೇಶ್ವರ ಗುರುಸಿದ್ಧ ಮುದಗಲ್ ಅವರದು ಅಸಾಧಾರಣವಾದ ಜೀವನ: ಎಳೆಯ ವಯಸ್ಸಿನಲ್ಲಿಯೇ ಕಡಲು ದಾಟಿ ಅಮೆರಿಕವನ್ನು ಸೇರಿ, ನ್ಯೂಯಾರ್ಕಿನಲ್ಲಿ ಕರಿಯ ಜನರ ನಾಯಕನಾಗಿದ್ದ ಮಾರ್ಕಸ್ ಗಾರ್ವಿಯ ‘ನೀಗ್ರೊ ವರ್ಲ್ಡ್’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿದ್ದವರು, ತಾಯ್ನಾಡಿಗೆ ಮರಳಿ ಕಾಂಗ್ರೆಸ್ಸಿನ ಸದಸ್ಯರಾಗಿ ಹಂಗಾಮಿ ಸಂಸತ್ತಿನಲ್ಲಿ ಮುಂಬಯಿಯನ್ನು ಪ್ರತಿನಿಧಿಸುತ್ತಿದ್ದರು. ಮುಂಬಯಿಯ ಚಿನಿವಾರ ಪೇಟೆಯ ಸಂಘವೊಂದರಿಂದ ಹಣ ಪಡೆದು, ಅದರ ಹಿತಕ್ಕಾಗಿ ಸದನದಲ್ಲಿ ಪ್ರಶ್ನೆಗಳನ್ನು ಕೇಳಿದರು, ವಾಯಿದೆ ವ್ಯಾಪಾರವನ್ನು ಕುರಿತ ಮಸೂದೆಗೆ ತಿದ್ದುಪಡಿಗಳನ್ನು ಸೂಚಿಸಿದರು, ಸಂಘದವರಿಗೆ ಮಂತ್ರಿಗಳ ಭೇಟಿಯನ್ನು ಏರ್ಪಡಿಸಿದರು ಎಂಬುದು ಅವರ ಮೇಲೆ ಬಂದ ಆರೋಪ. 1951ರ ಜೂನ್ 8ರಂದು ವಿಚಾರಣಾ ಸಮಿತಿಯ ನೇಮಕಕ್ಕೆ ಗೊತ್ತುವಳಿಯನ್ನು ಮಂಡಿಸಿದವರು ವಿರೋಧ ಪಕ್ಷದವರಲ್ಲ. ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು. ಟಿ.ಟಿ. ಕೃಷ್ಣಮಾಚಾರಿ ಅಧ್ಯಕ್ಷರಾಗಿ, ಪ್ರೊಫೆಸರ್ ಕೆ.ಟಿ. ಷಾ, ದುರ್ಗಾಬಾಯಿ ಮೊದಲಾದವರು ಸದಸ್ಯರಾಗಿದ್ದ ಆ ಸಮಿತಿಯು ಸಾಕ್ಷಿಗಳನ್ನು ವಿಚಾರಿಸಿ, ಆರೋಪವು ಸಿದ್ಧವಾಗಿದೆಯೆಂದು ವರದಿಯೊಪ್ಪಿಸಿತು.

ಸೆಪ್ಟೆಂಬರ್ 24ರಂದು ಉಚ್ಚಾಟನೆಯ ಗೊತ್ತುವಳಿಯನ್ನು ತಂದವರೂ ನೆಹರೂ ಅವರೇ. ಮುದಗಲ್ ಅವರಿಗೆ ಸದನದಲ್ಲಿ ತಮ್ಮ ಸಮರ್ಥನೆಯನ್ನು ಹೇಳಿಕೊಳ್ಳಲು ಅವಕಾಶ ದೊರೆಯಿತು. ಮರುದಿನ, ಗೊತ್ತುವಳಿ ಮತಕ್ಕೆ ಬರುವ ಮುನ್ನವೇ, ಅವರು ರಾಜೀನಾಮೆಯನ್ನು ಕೊಟ್ಟರು. ಅಷ್ಟಕ್ಕೆ ಸದನವು ತೃಪ್ತವಾಗಿ ವಿಷಯವನ್ನು ಮುಗಿಸಬಹುದಾಗಿತ್ತು. ಹಾಗೆ ಮಾಡದೆ, ಅವರು ಉಚ್ಚಾಟನೆಗೆ ಅರ್ಹರಾಗಿದ್ದರೆಂದೂ ರಾಜೀನಾಮೆಯ ಒಕ್ಕಣೆಯೇ ಸದನದ ನಿಂದನೆಯಾಗಿ ಅಪರಾಧವನ್ನು ಹೆಚ್ಚಿಸಿದೆಯೆಂದೂ ತಿದ್ದಿದ ನಿರ್ಣಯವನ್ನು ಅಂಗೀಕರಿಸಿ ದಾಖಲೆ ಮಾಡಿತು. ಈ ಪ್ರಸಂಗವನ್ನು ಸಂಸದೀಯ ಶುಚಿತ್ವದ ಮಾದರಿಯೆಂದು ನಾವು ಹೊಗಳುತ್ತ ಬಂದಿದ್ದೇವೆ, ಹೊಗಳಿಕೆ ಯೋಗ್ಯವಾದುದೇ. ಆದರೂ ಒಂದು ಸಂಗತಿಯನ್ನು ಮರೆಯಲಾಗದು. ಅಂದಿನ ಸದನದಲ್ಲಿ ಕಾಂಗ್ರೆಸ್ಸಿಗೆ ಸರಿಸಮನಾದ ಎದುರಾಳಿ ಇರಲಿಲ್ಲ; ಒಬ್ಬ ಸದಸ್ಯನನ್ನು ಬಿಟ್ಟುಕೊಟ್ಟರೆ ಸರ್ಕಾರಕ್ಕೆ ಕುಂದು ಬರುವಂತಿರಲಿಲ್ಲ. ಧರ್ಮವನ್ನು ಪಾಲಿಸುವುದು ಅಂದು ಪ್ರಬಲನಿಗೆ ಸುಲಭವಾಗಿತ್ತು, ಮತ್ತು ಆ ಪ್ರಬಲನಿಗೆ ಪಾಲಿಸುವ ಮನಸ್ಸೂ ಇತ್ತು. ಎರಡೂ ಕೂಡಿ ಬಂದ ಆ ಸುಯೋಗವನ್ನು ನಾವು ನಿಯಮವೆಂದು ಭ್ರಮಿಸಿದೆವು.

ಅದೇ ದಶಕದ ಇನ್ನೊಂದು ಪ್ರಸಂಗವು ಬೇರೊಂದು ದಾರಿಯನ್ನು ತೋರಿಸಿತ್ತು. ಜೀವ ವಿಮಾ ನಿಗಮದ ಹಣವನ್ನು ಹರಿದಾಸ್ ಮುಂಧ್ರಾ ಎಂಬ ವರ್ತಕನ ಕಂಪನಿಗಳ ಷೇರುಗಳಲ್ಲಿ ತೊಡಗಿಸಿದ ವಿಷಯವನ್ನು 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಎತ್ತಿದವರು ಕಾಂಗ್ರೆಸ್ಸಿನ ಪೀಠದಲ್ಲಿಯೇ ಕುಳಿತಿದ್ದ ಫಿರೋಜ್ ಗಾಂಧಿ, ಪ್ರಧಾನಿಯ ಅಳಿಯ. ಆದರೆ ಅದರ ವಿಚಾರಣೆಯನ್ನು ಸದನವು ತಾನೇ ಕೈಗೆತ್ತಿಕೊಳ್ಳಲಿಲ್ಲ. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರಿಗೆ ಅದು ಒಪ್ಪಿತವಾಯಿತು. ಅವರು ಜನರೆದುರಿಗೇ ಸಾಕ್ಷ್ಯಗಳನ್ನು ಕೇಳಿ, ತಿಂಗಳೊಂದರ ಆಸುಪಾಸಿನಲ್ಲಿ ವರದಿಯನ್ನು ಕೊಟ್ಟರು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿಗಳು ರಾಜೀನಾಮೆಯಿತ್ತು ಹೊರನಡೆದರು. ಆ ಮಂತ್ರಿಗಳು ಮುದಗಲ್ ಸಮಿತಿಯ ಅಧ್ಯಕ್ಷರಾಗಿದ್ದ ಕೃಷ್ಣಮಾಚಾರಿಯವರೇ. ಛಾಗ್ಲಾ ಅವರ ತೀರ್ಮಾನದ ಬಗ್ಗೆ ಭಿನ್ನಾಭಿಪ್ರಾಯಗಳಿದ್ದುವು. ಆದರೆ ಅದನ್ನು ಒಂದು ಪಕ್ಷದ ಸೇಡೆಂದು ಯಾರೂ ಕರೆಯಲಾಗಲಿಲ್ಲ. ಹೊರಗಿನ ವಿಚಾರಕನಿಂದ ದೊರೆಯುವ ಮೊದಲ ಲಾಭವಿದು.

ಸಂತಾನಂ ಸಮಿತಿಯ 1964ರ ವರದಿ, ಅದರ ತರುವಾಯ ಆಡಳಿತ ಸುಧಾರಣಾ ಆಯೋಗದ ಶಿಫಾರಸು, 1968ರಲ್ಲಿ ಮೊದಲ ಬಾರಿಗೆ ಮಂಡಿತವಾದ ಲೋಕಪಾಲ ಮಸೂದೆ ಇವೆಲ್ಲ ಅದೇ ದಾರಿಯಲ್ಲಿ ಇಟ್ಟ ಹೆಜ್ಜೆಗಳು. ಆ ಮಸೂದೆಯು ಮತ್ತೆ ಮತ್ತೆ ಸದನಕ್ಕೆ ಬಂದು, ಮತ್ತೆ ಮತ್ತೆ ಬಿದ್ದುಹೋಗಿ, ಶಾಸನವಾದುದು 2013ರಲ್ಲಿ. ಮೊದಲ ಲೋಕಪಾಲರು ಅಧಿಕಾರ ವಹಿಸಿಕೊಂಡುದು 2019ರಲ್ಲಿ. ಈ ಅರ್ಧ ಶತಮಾನದ ಅವಧಿಯಲ್ಲಿ ದೆಹಲಿಯಲ್ಲಿ ಆಳದ ಮುಖ್ಯ ಪಕ್ಷವೆಂಬುದೇ ಇಲ್ಲವಾದುದರಿಂದ, ವಿಳಂಬದ ಹೊಣೆಯನ್ನು ಒಬ್ಬರ ತಲೆಗೆ ಕಟ್ಟಲಾಗದು.

ಒಳಗಿನ ವಿಚಾರಣೆಯ ದೌರ್ಬಲ್ಯವು ಅತ್ಯಂತ ನಗ್ನವಾಗಿ ಕಂಡುದು 1993ರಲ್ಲಿ. ಅಂದು ಪಿ.ವಿ. ನರಸಿಂಹರಾಯರ ಸರ್ಕಾರಕ್ಕೆ ಸ್ವಂತ ಬಹುಮತವಿರಲಿಲ್ಲ. ಜುಲೈ 28ರಂದು ಅವಿಶ್ವಾಸ ಗೊತ್ತುವಳಿಯು ಮತಕ್ಕೆ ಬಂದಾಗ ಅದರ ಪರವಾಗಿ 251, ವಿರುದ್ಧವಾಗಿ 265 ಮತಗಳು ಬಿದ್ದು, ಹದಿನಾಲ್ಕು ಮತಗಳ ಅಂತರದಲ್ಲಿ ಸರ್ಕಾರ ಉಳಿಯಿತು. ಜಾರ್ಖಂಡ್ ಮುಕ್ತಿ ಮೋರ್ಚಾದ ನಾಲ್ವರು ಸದಸ್ಯರೂ ಮತ್ತೆ ಕೆಲವರೂ ಹಣ ಪಡೆದು ಸರ್ಕಾರದ ಪರ ನಿಂತರೆಂಬ ಆರೋಪ ಹೊರಬಿದ್ದು, ಮೋರ್ಚಾದ ನಾಲ್ವರಲ್ಲಿ ಒಬ್ಬರಾದ ಶೈಲೇಂದ್ರ ಮಹತೋ ಅವರೇ ಮಾಫಿ ಸಾಕ್ಷಿಯಾದರು. ಲಂಚದಿಂದ ಉಳಿದುದೆಂದು ಆರೋಪಿತವಾದ ಬಹುಮತವೇ ಲಂಚವನ್ನು ವಿಚಾರಿಸಬೇಕಾಗಿದ್ದ ಸದನದಿಂದ ಯಾವ ನ್ಯಾಯವನ್ನೂ ನಿರೀಕ್ಷಿಸುವಂತಿರಲಿಲ್ಲ. ಪ್ರಕರಣವು ನ್ಯಾಯಾಲಯಗಳ ಮೆಟ್ಟಿಲೇರಿತು.

ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು 1998ರ ಏಪ್ರಿಲಿನಲ್ಲಿ, ಮೂವರು ಒಂದು ಕಡೆ ಇಬ್ಬರು ಒಂದು ಕಡೆಯಾಗಿ, ಕೊಟ್ಟ ತೀರ್ಪನ್ನು ಸಾಮಾನ್ಯ ಓದುಗನು ಮೊದಲು ಕೇಳಿದಾಗ ನಂಬುವುದು ಕಷ್ಟ. ಲಂಚ ಕೊಟ್ಟವನನ್ನು ವಿಚಾರಣೆಗೆ ಗುರಿಪಡಿಸಬಹುದು. ಲಂಚ ಪಡೆದು ಅದರಂತೆ ಮತ ಕೊಟ್ಟ ಸದಸ್ಯನಿಗೆ ಮಾತ್ರ, ಆ ಲಂಚವು ಅವನ ಮತಕ್ಕೆ ಸಂಬಂಧಪಟ್ಟುದಾದ ಕಾರಣ, 105ನೆಯ ವಿಧಿಯ ರಕ್ಷಣೆಯುಂಟು. ಹಣ ಪಡೆದನೆಂಬ ಆರೋಪ ಹೊತ್ತು ಮತದಾನಕ್ಕೆ ಬಾರದೆ ಉಳಿದಿದ್ದ ಸದಸ್ಯನಿಗೆ, ಮತವನ್ನೇ ಕೊಡದಿದ್ದ ಕಾರಣ, ಆ ರಕ್ಷಣೆಯಿಲ್ಲ! ಕೊಂಡವನಿಗೆ ಮೋಸ ಮಾಡದೆ ಮಾರಿಕೊಂಡವನು ಪಾರು, ವಂಚಿಸಿದವನು ಸೆರೆಗೆ ಅರ್ಹ ಎಂಬ ಈ ವಿಪರೀತವನ್ನು ಅಲ್ಪಮತದ ನ್ಯಾಯಮೂರ್ತಿಗಳಾದ ಎಸ್.ಸಿ. ಅಗ್ರವಾಲ್ ಮತ್ತು ಎ.ಎಸ್. ಆನಂದ್ ಒಪ್ಪಲಿಲ್ಲ. ನರಸಿಂಹರಾಯರಿಗೆ 2000ದಲ್ಲಿ ವಿಶೇಷ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ, 2002ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಅದು ರದ್ದಾಯಿತು. 1998ರ ತೀರ್ಪು ಮಾತ್ರ ಇಪ್ಪತ್ತಾರು ವರ್ಷಗಳ ಕಾಲ ದೇಶದ ಕಾನೂನಾಗಿ ಉಳಿಯಿತು. ಅದನ್ನು ಸಂವಿಧಾನದ ತಿದ್ದುಪಡಿಯಿಂದ ಸರಿಪಡಿಸುವ ಶಕ್ತಿಯುಳ್ಳ ಸಂಸತ್ತು ಆ ಕೆಲಸಕ್ಕೆ ಕೈಹಾಕಲಿಲ್ಲ.

ಇನ್ನು ಎರಡು ಡಿಸೆಂಬರುಗಳನ್ನು ಒಟ್ಟಿಗಿಟ್ಟು ನೋಡಬೇಕು. 2005ರ ಡಿಸೆಂಬರ್ 12ರಂದು, ಕುಟುಕು ಕಾರ್ಯಾಚರಣೆಯೊಂದರಲ್ಲಿ ಹನ್ನೊಂದು ಮಂದಿ ಸಂಸದರು ಪ್ರಶ್ನೆ ಕೇಳಲು ಹಣ ಪಡೆಯುತ್ತಿರುವ ಚಿತ್ರಗಳು ದೂರದರ್ಶನ ವಾಹಿನಿಯಲ್ಲಿ ಪ್ರಸಾರವಾದುವು. ಅವರಲ್ಲಿ ಆರು ಮಂದಿ ಭಾರತೀಯ ಜನತಾ ಪಕ್ಷದವರು, ಮೂವರು ಬಹುಜನ ಸಮಾಜ ಪಕ್ಷದವರು, ಕಾಂಗ್ರೆಸ್ ಮತ್ತು ರಾಷ್ಟ್ರೀಯ ಜನತಾ ದಳಕ್ಕೆ ಸೇರಿದವರು ಒಬ್ಬೊಬ್ಬರು. ಕಾಂಗ್ರೆಸ್ಸಿನ ಪವನ್ ಕುಮಾರ್ ಬನ್ಸಲ್ ಅವರ ಅಧ್ಯಕ್ಷತೆಯ ಸಮಿತಿಯು ಕೆಲವೇ ದಿನಗಳಲ್ಲಿ ವರದಿ ಕೊಟ್ಟಿತು. ಸಮಿತಿಯಲ್ಲಿದ್ದ ಭಾಜಪದ ವಿ.ಕೆ. ಮಲ್ಹೋತ್ರಾ ಭಿನ್ನಮತವನ್ನು ಬರೆದರು. 23ರಂದು ಹನ್ನೊಂದು ಮಂದಿಯೂ ಉಚ್ಚಾಟಿತರಾದರು. ತಪ್ಪಿಗಿಂತ ಶಿಕ್ಷೆ ಹೆಚ್ಚಾಯಿತೆಂದು ಹೇಳಿ ಲೋಕಸಭೆಯಲ್ಲಿ ಭಾಜಪ ಸಭಾತ್ಯಾಗ ಮಾಡಿತು.

2023ರ ಡಿಸೆಂಬರ್ 8ರಂದು ತೃಣಮೂಲ ಕಾಂಗ್ರೆಸ್ಸಿನ ಮಹುವಾ ಮೊಯಿತ್ರಾ ಅವರ ಉಚ್ಚಾಟನೆಯಾದಾಗ ಪಾತ್ರಗಳು ಅದಲುಬದಲಾಗಿದ್ದುವು. ಉದ್ಯಮಿಯೊಬ್ಬರಿಗೆ ತಮ್ಮ ಸಂಸದೀಯ ಖಾತೆಯ ಗುಪ್ತಪದವನ್ನು ಕೊಟ್ಟು ಅವರಿಗಾಗಿ ಪ್ರಶ್ನೆಗಳನ್ನು ಕೇಳಿದರೆಂಬುದು ಆರೋಪ; ಗುಪ್ತಪದ ಕೊಟ್ಟುದನ್ನು ಒಪ್ಪಿಕೊಂಡ ಅವರು ಹಣ ಪಡೆದುದನ್ನು ನಿರಾಕರಿಸಿದರು. ನೈತಿಕ ಸಮಿತಿಯು ಆರಕ್ಕೆ ನಾಲ್ಕು ಮತಗಳಿಂದ ಉಚ್ಚಾಟನೆಯನ್ನು ಶಿಫಾರಸು ಮಾಡಿತು. ಸುಮಾರು ಐನೂರು ಪುಟಗಳ ವರದಿಯು ಮಧ್ಯಾಹ್ನದ ಹೊತ್ತಿಗೆ ಮಂಡಿತವಾಗಿ, ಅಂದೇ ಚರ್ಚೆ ಮುಗಿದು, ಅಂದೇ ಧ್ವನಿಮತದಿಂದ ನಿರ್ಣಯ ಅಂಗೀಕೃತವಾಯಿತು. ನಿರ್ಣಯ ಮಂಡಿಸಿದವರು ಸಂಸದೀಯ ವ್ಯವಹಾರಗಳ ಸಚಿವರಾಗಿದ್ದ ಧಾರವಾಡದ ಪ್ರಹ್ಲಾದ ಜೋಶಿಯವರು. ಆರೋಪಕ್ಕೆ ಗುರಿಯಾದ ಸದಸ್ಯೆಗೆ ಸದನದಲ್ಲಿ ಮಾತನಾಡಲು ಅವಕಾಶ ಬೇಕೆಂದು ವಿರೋಧ ಪಕ್ಷಗಳು ಕೇಳಿದಾಗ, 2005ರಲ್ಲಿ ಸೋಮನಾಥ ಚಟರ್ಜಿಯವರು ಸ್ಪೀಕರಾಗಿದ್ದಾಗ ಹಾಕಿಕೊಟ್ಟ ಪೂರ್ವನಿದರ್ಶನವನ್ನು ಆಡಳಿತ ಪಕ್ಷವು ತೋರಿಸಿತು. ಈ ಬಾರಿ ಸಭಾತ್ಯಾಗ ಮಾಡಿದವರಲ್ಲಿ ಕಾಂಗ್ರೆಸ್ಸೂ ಇತ್ತು. 1951ರಲ್ಲಿ ಮುದಗಲ್ ಅವರಿಗೆ ಸದನದಲ್ಲಿ ಮಾತನಾಡಲು ದೊರೆತ ಹಕ್ಕು, 2005ರ ಅವಸರದಲ್ಲಿ ಕಳೆದುಹೋಗಿ, 2023ರಲ್ಲಿ ಕಳೆದುಹೋದ ಸ್ಥಿತಿಯೇ ನಿಯಮವಾಯಿತು. ಆ ಸದಸ್ಯೆಯು ಮರುವರ್ಷದ ಚುನಾವಣೆಯಲ್ಲಿ ಕೃಷ್ಣನಗರದಿಂದ ಮತ್ತೆ ಗೆದ್ದು ಅದೇ ಸದನಕ್ಕೆ ಬಂದರು. ಅವರು ತಪ್ಪಿತಸ್ಥರೋ ಅಲ್ಲವೋ ಎಂಬುದು ನನ್ನ ಮಾತಲ್ಲ. ತಪ್ಪಿತಸ್ಥರಾಗಿದ್ದರೂ ಈ ವಿಧಾನದಿಂದ ಅದು ಜನಕ್ಕೆ ಮನವರಿಕೆಯಾಗಲಾರದು ಎಂಬುದೇ ನನ್ನ ಮಾತು. ಉಚ್ಚಾಟನೆಯ ಅಧಿಕಾರ ಸಂಸತ್ತಿಗೆ ಇದೆಯೆಂದು 2007ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಾಲ್ಕಕ್ಕೆ ಒಂದು ಮತದಿಂದ ತೀರ್ಮಾನಿಸಿದಾಗ, ಅಂಥ ಅಧಿಕಾರವನ್ನು ಸಂವಿಧಾನ ಕೊಟ್ಟಿಲ್ಲವೆಂದು ಏಕಾಕಿಯಾಗಿ ಬರೆದವರು ಕರ್ನಾಟಕದಿಂದ ಹೋಗಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಅವರ ಭಿನ್ನಮತವನ್ನು ಇಂದು ಪುನಃ ಓದುವವನಿಗೆ ಅದು ಹೊಸ ತೂಕದಿಂದ ತೋರುತ್ತದೆ.

ನಮ್ಮ ರಾಜ್ಯದ ಅನುಭವವೂ ಇದಕ್ಕೆ ಹೊರತಾದುದಲ್ಲ. ಪಕ್ಷಾಂತರಿಗಳನ್ನು ಅನರ್ಹಗೊಳಿಸುವ ಅಧಿಕಾರವನ್ನು 1985ರ ಶಾಸನವು ಸ್ಪೀಕರಿಗೆ ಕೊಟ್ಟಿದೆ. 1992ರಲ್ಲಿ ಅದರ ಸಿಂಧುತ್ವವನ್ನು ಎತ್ತಿಹಿಡಿದ ಬಹುಮತದ ತೀರ್ಪನ್ನು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು, ಸ್ಪೀಕರ್ ಪದವಿಯ ಉನ್ನತ ಪರಂಪರೆಯಲ್ಲಿ ಅವರು ವಿಶ್ವಾಸವಿಟ್ಟರು. ಬಹುಮತದ ಕೃಪೆಯಿಂದ ಪದವಿಯಲ್ಲಿರುವವನು ನಿಷ್ಪಕ್ಷಪಾತಿಯಾದ ನ್ಯಾಯಾಧೀಶನಾಗುವುದು ಹೇಗೆಂದು ಅಲ್ಪಮತದವರು ಕೇಳಿದರು. ಉತ್ತರವು ಬೆಂಗಳೂರಿನಿಂದಲೇ ಬಂದಿತು. 2010ರ ಅಕ್ಟೋಬರಿನಲ್ಲಿ, ವಿಶ್ವಾಸಮತದ ಹಿಂದಿನ ದಿನ, ಭಾಜಪದವರಾದ ಸ್ಪೀಕರ್ ಕೆ.ಜಿ. ಬೋಪಯ್ಯನವರು ಹದಿನಾರು ಶಾಸಕರನ್ನು ಅನರ್ಹಗೊಳಿಸಿದರು. ಮುಂದಿನ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. 2019ರಲ್ಲಿ ಕಾಂಗ್ರೆಸ್ಸಿನವರಾದ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅವರು ಹದಿನೇಳು ಶಾಸಕರನ್ನು ಅನರ್ಹಗೊಳಿಸಿದಾಗ, ನ್ಯಾಯಾಲಯವು ಅನರ್ಹತೆಯನ್ನು ಒಪ್ಪಿಕೊಂಡು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಕೂಡದೆಂಬ ಭಾಗವನ್ನು ರದ್ದುಪಡಿಸಿತು. ಎರಡು ತೀರ್ಮಾನಗಳ ಕಾನೂನಿನ ಗುಣದೋಷಗಳು ಸಮವಲ್ಲ. ಆದರೆ ಎರಡು ಸಲವೂ ರಾಜ್ಯದ ಅರ್ಧ ಜನ ಸ್ಪೀಕರ್ ಪೀಠವನ್ನು ನ್ಯಾಯಪೀಠವೆಂದು ಕಾಣಲಿಲ್ಲ. ಈ ಅಧಿಕಾರವನ್ನು ಸ್ಪೀಕರಿಂದ ತೆಗೆದು ಸ್ಥಿರವಾದ ನ್ಯಾಯಮಂಡಳಿಗೆ ಕೊಡುವುದನ್ನು ಸಂಸತ್ತು ಆಲೋಚಿಸಬೇಕೆಂದು 2020ರ ಜನವರಿಯಲ್ಲಿ, ಮಣಿಪುರದ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟು ಸೂಚಿಸಿತು.

ಲೋಕಾಯುಕ್ತದ ಕಥೆಯನ್ನು ಕನ್ನಡಿಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ, 1984ರಲ್ಲಿ, ಶಾಸನವಾದ ಆ ಸಂಸ್ಥೆಯು ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರ ಕಾಲದಲ್ಲಿ ಹಳ್ಳಿಹಳ್ಳಿಗೂ ಪರಿಚಿತವಾಗಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ಗಣಿ ವರದಿಯಿಂದ ಒಬ್ಬ ಮುಖ್ಯಮಂತ್ರಿಯ ರಾಜೀನಾಮೆಗೇ ಕಾರಣವಾಯಿತು. ಅನಂತರ ಸಂಸ್ಥೆಯೊಳಗೇ ಕಳಂಕ ತಲೆದೋರಿದುದೂ ನಿಜ. ಆ ಕಳಂಕವನ್ನು ತೊಳೆಯುವುದರ ಬದಲು, 2016ರ ಮಾರ್ಚಿನಲ್ಲಿ ಕಾಂಗ್ರೆಸ್ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೊಂದು ಪಡೆಯನ್ನು ರಚಿಸಿ, ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಅದಕ್ಕೆ ವರ್ಗಾಯಿಸಿತು. ವಿರೋಧ ಪಕ್ಷದಲ್ಲಿದ್ದ ಭಾಜಪವು ಇದನ್ನು ಉಗ್ರವಾಗಿ ಖಂಡಿಸಿತು. 2019ರಲ್ಲಿ ತಾನೇ ಅಧಿಕಾರಕ್ಕೆ ಬಂದ ಮೇಲೆ ಮೂರು ವರ್ಷ ಆ ದಳವನ್ನು ಹಾಗೆಯೇ ಉಳಿಸಿಕೊಂಡಿತು. ಕಡೆಗೆ 2022ರ ಆಗಸ್ಟ್ 11ರಂದು ದಳವನ್ನು ರದ್ದುಪಡಿಸಿದುದು ಹೈಕೋರ್ಟು. ತನಿಖೆಯ ಹಗ್ಗವು ಆಳುವವರ ಕೈಯಲ್ಲಿರುವುದು ಯಾವ ಪಕ್ಷಕ್ಕೂ ಅಪ್ರಿಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಹೊರಗಿನ ವಿಚಾರಕನಿದ್ದರೆ ಎಲ್ಲವೂ ಸರಿಹೋಗುವುದೆಂದು ನಾನು ಹೇಳುವುದಿಲ್ಲ. ಬ್ರಿಟನ್ನಿನ ಸಂಸತ್ತು, ಪ್ರಶ್ನೆಗೆ ಹಣ ಪಡೆದ ಹಗರಣದ ತರುವಾಯ, 1995ರಲ್ಲಿ ಸದಸ್ಯರ ನಡತೆಯನ್ನು ತನಿಖೆ ಮಾಡಲು ಸ್ವತಂತ್ರ ಆಯುಕ್ತರನ್ನು ನೇಮಿಸಿತು. ಮುಂದೆ ಆ ವಿಷಯದ ಸಮಿತಿಯಲ್ಲಿ ಸಂಸದರಷ್ಟೇ ಸಂಖ್ಯೆಯ ಹೊರಗಿನ ನಾಗರಿಕರನ್ನೂ ಕೂರಿಸಿತು. ಹೀಗಿದ್ದರೂ 2021ರ ನವೆಂಬರಿನಲ್ಲಿ ಓವೆನ್ ಪ್ಯಾಟರ್ಸನ್ ಎಂಬ ಆಡಳಿತ ಪಕ್ಷದ ಸದಸ್ಯನು ಹಣ ಪಡೆದು ಕಂಪನಿಗಳ ಪರವಾಗಿ ವಾದಿಸಿದನೆಂದು ತೀರ್ಮಾನವಾದಾಗ, ಸರ್ಕಾರವು ವಿಪ್ ಹೊರಡಿಸಿ, 250ಕ್ಕೆ 232 ಮತಗಳಿಂದ ಆತನ ಶಿಕ್ಷೆಯನ್ನು ತಡೆದು, ನಿಯಮಗಳನ್ನೇ ಬದಲಿಸಲು ಹೊರಟಿತು. ಆದರೆ ತನಿಖೆಯ ವರದಿಯು ಆಗಲೇ ಎಲ್ಲರ ಕೈಯಲ್ಲಿತ್ತು. ಜನರ ಕೋಪವೆದ್ದು, ಒಂದೇ ದಿನದೊಳಗೆ ಸರ್ಕಾರ ಹಿಮ್ಮೆಟ್ಟಿತು, ಸದಸ್ಯನು ರಾಜೀನಾಮೆಯಿತ್ತನು, ಮರುತಿಂಗಳ ಉಪಚುನಾವಣೆಯಲ್ಲಿ ಆ ಪಕ್ಷವು ದೀರ್ಘಕಾಲ ಭದ್ರವಾಗಿದ್ದ ಕ್ಷೇತ್ರವನ್ನು ಕಳೆದುಕೊಂಡಿತು. ಬಹುಮತವು ಅಲ್ಲಿಯೂ ತನ್ನವನನ್ನು ಕಾಯಲು ಯತ್ನಿಸಿತೆಂಬುದು ನಿಜ, ಆದರೆ ಸತ್ಯಾಂಶಗಳನ್ನು ನಿರ್ಣಯಿಸುವ ಕೆಲಸ ಅದರ ಕೈಯಲ್ಲಿರಲಿಲ್ಲವಾದುದರಿಂದ ಯತ್ನವು ಬಯಲಾಯಿತು. ಸತ್ಯಾಂಶವನ್ನು ಹೊರಗಿನವರು ನಿರ್ಣಯಿಸಲಿ, ಶಿಕ್ಷೆಯ ಮಾತನ್ನು ಸದನ ಹೇಳಲಿ ಎಂಬ ಈ ವಿಭಾಗವನ್ನೇ ನಾನು ನಮ್ಮ ಸಂಸತ್ತಿಗೂ ವಿಧಾನಮಂಡಲಗಳಿಗೂ ಬಯಸುವುದು.

2024ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರು ಒಮ್ಮತದಿಂದ 1998ರ ತೀರ್ಪನ್ನು ರದ್ದುಪಡಿಸಿದರು. ಸಂದರ್ಭ ಒದಗಿಸಿದುದು 2012ರ ರಾಜ್ಯಸಭಾ ಚುನಾವಣೆಯಲ್ಲಿ ಹಣ ಪಡೆದರೆಂಬ ಆರೋಪಕ್ಕೆ ಗುರಿಯಾದ ಜಾರ್ಖಂಡಿನ ಶಾಸಕಿ ಸೀತಾ ಸೊರೇನ್ ಅವರ ಪ್ರಕರಣ. 1993ರ ನಾಲ್ವರಲ್ಲಿ ಒಬ್ಬರಾದ ಶಿಬು ಸೊರೇನ್ ಅವರ ಸೊಸೆ ಅವರು. ಲಂಚವನ್ನು ಸ್ವೀಕರಿಸಿದ ಕ್ಷಣದಲ್ಲಿಯೇ ಅಪರಾಧ ಪೂರ್ಣವಾಯಿತು, ಅನಂತರ ಮತವನ್ನು ಹೇಗೆ ಕೊಟ್ಟರೆಂಬುದು ಅಪ್ರಸ್ತುತ ಎಂದು ಪೀಠವು ಹೇಳಿತು. ಲಂಚದ ಮಟ್ಟಿಗೆ ಇದರಿಂದ ದಾರಿ ತೆರೆಯಿತು. ಆದರೆ ನೋಟಿನ ಕಟ್ಟಾಗಿ ಕೈ ಬದಲಾಯಿಸದ, ಸ್ವಂತ ವ್ಯಾಪಾರದ ಹಿತವನ್ನು ಸದನದ ಕೆಲಸದೊಡನೆ ಬೆರೆಸುವ ಬಗೆಯ ದೋಷವನ್ನು ಯಾವ ದಂಡಸಂಹಿತೆಯೂ ಹಿಡಿಯಲಾರದು. ವಿಜಯ ಮಲ್ಯ ಅವರನ್ನು ಕರ್ನಾಟಕದ ಶಾಸಕರು ಎರಡು ಸಲ ರಾಜ್ಯಸಭೆಗೆ ಕಳುಹಿಸಿದರು: 2002ರಲ್ಲಿ ಕಾಂಗ್ರೆಸ್ ಮತ್ತು ಜಾತ್ಯತೀತ ಜನತಾ ದಳದ ಬೆಂಬಲದಿಂದ, 2010ರಲ್ಲಿ ಜನತಾ ದಳ ಮತ್ತು ಭಾಜಪದ ಬೆಂಬಲದಿಂದ. ವಿಮಾನ ಕಂಪನಿಯ ಒಡೆಯರಾಗಿದ್ದ ಅವರು ನಾಗರಿಕ ವಿಮಾನಯಾನದ ವಿಷಯವನ್ನು ನೋಡುವ ಸಂಸದೀಯ ಸಮಿತಿಯಲ್ಲಿಯೂ ಕುಳಿತಿದ್ದರು. ಬ್ಯಾಂಕುಗಳ ಸಾಲ ಬಾಕಿಯಿಟ್ಟು ಅವರು ದೇಶ ಬಿಟ್ಟ ಮೇಲೆ, 2016ರ ಮೇ ತಿಂಗಳಲ್ಲಿ, ರಾಜ್ಯಸಭೆಯ ನೈತಿಕ ಸಮಿತಿಯು ಉಚ್ಚಾಟನೆಯ ಶಿಫಾರಸು ಮಾಡಿತು. ಅದರ ಆಸುಪಾಸಿನಲ್ಲಿಯೇ ಅವರ ರಾಜೀನಾಮೆ ಅಂಗೀಕೃತವಾಯಿತು. ಮೂರು ಪಕ್ಷಗಳೂ ಒಂದಲ್ಲ ಒಂದು ಸಲ ಅವರಿಗೆ ಮತ ಕೊಟ್ಟಿದ್ದುದರಿಂದ, ಈ ವಿಷಯದಲ್ಲಿ ಪಕ್ಷಗಳ ಜಗಳವೇ ಕೇಳಿಬರಬೇಕಾದಷ್ಟು ಕೇಳಿಬರಲಿಲ್ಲ.

ಇಂಥದನ್ನು ಮೊದಲೇ ಕಾಣಿಸಬಲ್ಲ ಸಾಧನವೊಂದು ರಾಜ್ಯಸಭೆಯಲ್ಲಿದೆ. ಅಲ್ಲಿನ ನೈತಿಕ ಸಮಿತಿಯು 1997ರಲ್ಲಿ ಸ್ಥಾಪಿತವಾದುದು. ಅದರ ನಿಯಮದಂತೆ ಪ್ರತಿಯೊಬ್ಬ ಸದಸ್ಯನೂ ತನಗೆ ಸಂಬಳ ತರುವ ನಿರ್ದೇಶಕ ಹುದ್ದೆ, ಸಂಭಾವನೆಯ ಉದ್ಯೋಗ, ಕಂಪನಿಯನ್ನು ಹಿಡಿತದಲ್ಲಿಡುವಷ್ಟು ಷೇರು, ಹಣ ಪಡೆದು ನೀಡುವ ಸಲಹೆ, ವೃತ್ತಿಯ ಒಪ್ಪಂದ ಈ ಐದು ಬಗೆಯ ಹಿತಾಸಕ್ತಿಗಳನ್ನು ರಿಜಿಸ್ಟರಿನಲ್ಲಿ ಬರೆಸಬೇಕು. ಲೋಕಸಭೆಯ ನೈತಿಕ ಸಮಿತಿಯು 2000ದಲ್ಲಿ ಹುಟ್ಟಿ, 2015ರಲ್ಲಿ ಸ್ಥಾಯಿ ರೂಪವನ್ನು ಪಡೆಯಿತಾದರೂ, ಜನರು ನೇರವಾಗಿ ಆರಿಸಿದ ಆ ಸದನಕ್ಕೆ ಇಂಥ ರಿಜಿಸ್ಟರು ಇನ್ನೂ ಬಂದಿಲ್ಲ. ಅದನ್ನು ತರಲು ಸಂವಿಧಾನದ ತಿದ್ದುಪಡಿ ಬೇಡ, ಹೊಸ ಶಾಸನ ಬೇಡ. ಸದನದ ಕಾರ್ಯವಿಧಾನ ನಿಯಮಗಳಿಗೆ ಒಂದನ್ನು ಸೇರಿಸಿದರೆ ಸಾಕು. ಮುಂದಿನ ಚುನಾವಣೆಯಲ್ಲಿ ಮನೆ ಬಾಗಿಲಿಗೆ ಬರುವ ಅಭ್ಯರ್ಥಿಯು ಯಾವ ಪಕ್ಷದವನೇ ಆಗಿರಲಿ, ಅದಕ್ಕೆ ಕೈಯೆತ್ತುವೆಯಾ ಎಂದು ಅವನನ್ನು ಕೇಳಬಹುದು.